ಟೈಲರಮ್ಮನ ಸರದಿಯ ರಿಫಂಡು

ಈ ವರ್ಷದ ರಿಫಂಡು ಟೈಲರಮ್ಮನದು. ಇದರಲ್ಲಿ ಚೌಕಾಸಿ ಇಲ್ಲ, ತಕರಾರಿಲ್ಲ, ಮನೆಯವರೆಲ್ಲ ಕೂತು ಒಪ್ಪಿಕೊಂಡಿದ್ದ ಮಾತು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಗಂಡ ಬಸ್ ಡ್ರೈವರ್. ಕೈಗೆ ಬಂದ ದುಡ್ಡು ತನ್ನ ಕೈಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಅವನಿಗೇ ಗೊತ್ತಿತ್ತು, ಅಷ್ಟರಮಟ್ಟಿಗೆ ಪ್ರಾಮಾಣಿಕ. ಮದುವೆಯಾದ ಹೊಸದರಲ್ಲೇ ಡಿಪೋ ಆಫೀಸಿಗೆ ಹೋಗಿ, ನನ್ನ ಸಂಬಳದಲ್ಲಿ ತೆರಿಗೆಯನ್ನು ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ಮುರಿದುಕೊಳ್ಳಿ ಎಂದು ಬರೆದುಕೊಟ್ಟು ಬಂದಿದ್ದ. ಜನ ಕಮ್ಮಿ ಮಾಡಿ ಎಂದು ಗೋಗರೆಯುತ್ತಾರೆ, ಇವನೊಬ್ಬ ಮಹಾನುಭಾವ ಎಂದು ಗುಮಾಸ್ತರು ನಕ್ಕಿದ್ದರಂತೆ. ನಗಲಿ. ವರ್ಷ ಮುಗಿದ ಮೇಲೆ ಸರ್ಕಾರ ಆ ಜಾಸ್ತಿ ಹಣವನ್ನು ಒಟ್ಟಿಗೆ ವಾಪಸ್ ಕೊಡುತ್ತಿತ್ತು. ಆ ಹಣವನ್ನು ಮನೆಖರ್ಚಿಗೆ ಮುಟ್ಟುವ ಹಾಗಿರಲಿಲ್ಲ. ಅದು ಸರದಿಯ ಪ್ರಕಾರ ಒಂದೊಂದು ವರ್ಷ ಒಬ್ಬೊಬ್ಬರದು. ಒಂದು ವರ್ಷ ಡ್ರೈವರನ ಹಲ್ಲು, ಒಂದು ವರ್ಷ ಮಗಳ ಸೈಕಲ್ಲು. ಟೈಲರಮ್ಮನ ಸರದಿ ಬಂದಾಗ ಮಾತ್ರ ಮನೆಗೇ ಏನಾದರೂ ರೋಗ ಬರುತ್ತಿತ್ತು. ಒಂದು ಸಲ ಸೂರು ಸೋರಿತು, ಇನ್ನೊಂದು ಸಲ ನೀರಿನ ಪಂಪು ಸುಟ್ಟುಹೋಯಿತು. ಎರಡು ಸಲವೂ ಅವಳು ಹಲ್ಲು ಕಚ್ಚಿಕೊಂಡು ಬಿಟ್ಟುಕೊಟ್ಟಿದ್ದಳು. ಈ ಸಲ ಸೂರು ಕಳಚಿ ತಲೆ ಮೇಲೆ ಬಿದ್ದರೂ ಬಿಡುವುದಿಲ್ಲ ಎಂದು ಮೊದಲೇ ಸಾರಿಬಿಟ್ಟಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಓವರ್‌ಲಾಕ್ ಮೆಷಿನ್. ಬಟ್ಟೆಯ ಅಂಚಿನ ದಾರ ಬಿಚ್ಚದ ಹಾಗೆ ಕಟ್ಟುವ ಯಂತ್ರ ಅದು. ಅವಳ ಹತ್ತಿರ ಇದ್ದದ್ದು ಬರೀ ಹೊಲಿಯುವ ಮೆಷಿನ್. ಒಂದೊಂದು ಅಂಗಿ ಹೊಲಿದಾಗಲೂ ಅದರ ಅಂಚು ಹಾಕಿಸಲು ಎರಡು ಬೀದಿ ಆಚೆಯ ಅಂಗಡಿಗೆ ಓಡಬೇಕು. ಅಲ್ಲಿಯ ಆಸಾಮಿ ಇವಳ ಬಟ್ಟೆಯನ್ನು ಎಲ್ಲರದಕ್ಕಿಂತ ಕೊನೆಗೆ ತೆಗೆದುಕೊಳ್ಳುತ್ತಾನೆ, ದುಡ್ಡನ್ನು ಮಾತ್ರ ಎಲ್ಲರಿಗಿಂತ ಮೊದಲು ಕೇಳುತ್ತಾನೆ. ಈಗ ನರ್ಸಿಂಗ್ ಶಾಲೆಯ ಯೂನಿಫಾರಂ ಹೊಲಿಯುವ ಕೆಲಸ ಬಾಗಿಲಿಗೆ ಬಂದು ನಿಂತಿತ್ತು. ಮೆಷಿನ್ ಇದ್ದರೆ ಕೊಡುತ್ತೇವೆ ಎಂದಿದ್ದರು. ಇದೆ ಎಂದು ಹೇಳಿಬಿಟ್ಟಿದ್ದಳು. ಅದೇ ಧೈರ್ಯದ ಮೇಲೆ ಮೆಷಿನ್ ಅಂಗಡಿಗೆ ಮುಂಗಡವನ್ನೂ ಕೊಟ್ಟಿದ್ದಳು.

ಸರದಿಯಲ್ಲಿ ಯಾವತ್ತೂ ಪಾಲು ಕೇಳದಿದ್ದವರು ಮನೆಯಲ್ಲಿ ಒಬ್ಬರೇ, ಡ್ರೈವರನ ಅಕ್ಕ. ಮಗಳಿಗೆ ಅತ್ತೆ, ಮಿಕ್ಕವರಿಗೆಲ್ಲ ದೊಡ್ಡಕ್ಕ. ಜೀವಮಾನವೆಲ್ಲ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಮದುವೆಯಾಗಲಿಲ್ಲ, ಆಗಬೇಕೆನ್ನಿಸಲೂ ಇಲ್ಲ. ಅಚ್ಚುಕೂಟ ಮುಚ್ಚಿದ ಮೇಲೆ ತಮ್ಮನ ಮನೆಗೆ ಬಂದರು. ಬೇರೆ ಕಡೆಯಿಂದ ಕರಡು ಬರುತ್ತದೆ, ಮನೆಯಲ್ಲೇ ಕೂತು ತಿದ್ದುತ್ತೇನೆ ಎಂದರು. ಬಂದ ದಿನವೇ ಚೀಲ ಕೆಳಗಿಡುವ ಮುಂಚೆ ಕಡ್ಡಿ ತುಂಡು ಮಾಡಿದ ಹಾಗೆ ಒಂದು ಮಾತು ಹೇಳಿದ್ದರು, ನಾನು ಯಾರ ಮನೆಯಲ್ಲೂ ಬಿಟ್ಟಿ ಕೂತು ಉಂಡವಳಲ್ಲ, ಕೊಡೋದಕ್ಕಾಗದ ದಿನ ಈ ಚೀಲ ನಾನೇ ಎತ್ತಿಕೊಳ್ಳುತ್ತೇನೆ ಎಂದು. ಅದು ಬಾಯಿಮಾತಲ್ಲ. ಅದಕ್ಕೂ ಮುಂಚೆ ಕಿರಿಯ ತಮ್ಮನ ಮನೆಯಿಂದ, ಅವನ ಹೆಂಡತಿ ಸಕ್ಕರೆ ಬೇಗ ಮುಗಿಯಿತು ಎಂದು ಅಂದದ್ದಕ್ಕೆ, ಮಧ್ಯಾಹ್ನದ ಉರಿಬಿಸಿಲಲ್ಲಿ ಎದ್ದು ಹೊರಟುಬಂದ ಹೆಂಗಸು.

ತಿಂಗಳು ಹುಟ್ಟಿದ ದಿನ ದೊಡ್ಡಕ್ಕ ಮಡಿಸಿದ ನೋಟುಗಳನ್ನು ತಂದು ಟೈಲರಮ್ಮನ ಕೈಗಿಡುತ್ತಿದ್ದರು. ಹಾಲು, ತರಕಾರಿ ಅದರಲ್ಲೇ ನಡೆಯುತ್ತಿತ್ತು. ಆ ಹಣದ ಜೊತೆ ಉಪದೇಶವೂ ಬರುತ್ತಿತ್ತೆನ್ನಿ. ಉಪ್ಪು ಜಾಸ್ತಿ, ದೀಪ ಸುಮ್ಮನೆ ಉರಿಯುತ್ತಿದೆ, ಕಸದಲ್ಲಿ ಎಷ್ಟು ದಾರ ಎಸೆದಿದ್ದೀಯ ನೋಡು. ದುಡ್ಡು ಕೊಡುವವರ ಬಾಯಿ ಮುಚ್ಚಿಸುವುದು ಹೇಗೆ? ಟೈಲರಮ್ಮ ಕಿವಿ ಮೇಲೆ ಹಾಕಿಕೊಳ್ಳದೆ ಮೆಷಿನ್ ತುಳಿಯುತ್ತಿದ್ದಳು.

ಇಷ್ಟು ತಿಳಿದುಕೊಂಡರೆ ಮುಂದಿನ ರಾಮಾಯಣ ಅರ್ಥವಾಗುತ್ತದೆ.

ಆ ಬಡಾವಣೆಯವರೆಲ್ಲ ರಿಟರ್ನ್ ತುಂಬಿಸುತ್ತಿದ್ದದ್ದು ಲೆಕ್ಕದ ಮೇಷ್ಟ್ರ ಹತ್ತಿರ. ನಿವೃತ್ತರಾದ ಮೇಲೆ ಅವರು ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಇದೇ ಕೆಲಸ ಮಾಡುತ್ತಿದ್ದರು. ಬಂದವರನ್ನು ಬೆಂಚಿನ ಮೇಲೆ ಕೂರಿಸುವುದು, ಉತ್ತರ ಹೇಳುವ ಮುಂಚೆ ನೀವೇ ಯೋಚನೆ ಮಾಡಿ ಅನ್ನುವುದು, ಅಭ್ಯಾಸಗಳು ಒಂದೂ ಹೋಗಿರಲಿಲ್ಲ. ಗಂಡಹೆಂಡಿರು ಕಾಗದಪತ್ರ ಕೊಟ್ಟು ಬೆಂಚಿನ ಮೇಲೆ ಕೂತರು. ಮೇಷ್ಟ್ರು ಕೀಲಿಮಣೆ ಕುಟ್ಟಿದರು, ಕನ್ನಡಕ ಒರೆಸಿಕೊಂಡರು, ಮತ್ತೊಮ್ಮೆ ಕುಟ್ಟಿದರು. ಆಮೇಲೆ ರಿಫಂಡು ಇಲ್ಲ ಎಂದರು. ಟೈಲರಮ್ಮನಿಗೆ ಅದನ್ನು ಅರಗಿಸಿಕೊಳ್ಳಲೂ ಬಿಡದೆ, ಇಲ್ಲದಿರುವುದಷ್ಟೇ ಅಲ್ಲ, ನೀವೇ ಕಟ್ಟಬೇಕಾಗಿದೆ ಎಂದು ಸೇರಿಸಿದರು.

ತಪ್ಪು ಒತ್ತಿರಬೇಕು, ಇನ್ನೊಂದು ಸಲ ನೋಡಿ ಎಂದಳು. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ತಪ್ಪಿದೆ ಎಂದರೆ ಏನಾಗಬೇಕೋ ಅದೇ ಆಯಿತು. ಅವರು ಒಂದು ಹಾಳೆ ಎಳೆದುಕೊಂಡು ಪಾಠ ಶುರುಮಾಡಿದರು. ಕಾಯ್ದೆ ಬದಲಾಗಿದೆ. ತೆರಿಗೆಯ ದರ ಇಳಿಸಿದ್ದಾರೆ. ದರ ಇಳಿದದ್ದಕ್ಕೆ ಡಿಪೋದವರು ಸಂಬಳದಲ್ಲಿ ಮುರಿಯುವುದನ್ನೂ ಇಳಿಸಿದ್ದಾರೆ. ಜಾಸ್ತಿ ಮುರಿದುಕೊಳ್ಳಿ ಎಂದು ಡ್ರೈವರ್ ಬರೆದುಕೊಟ್ಟಿದ್ದ ಹಳೆಯ ಅರ್ಜಿ ಹೊಸ ಕಾಯ್ದೆ ಬಂದ ಕೂಡಲೇ ಬಿದ್ದುಹೋಗಿದೆ, ಹೊಸದು ಕೊಡಬೇಕಿತ್ತು, ಇವನು ಕೊಟ್ಟಿಲ್ಲ. ಇತ್ತ ಮನೆಸಾಲದ ಬಡ್ಡಿ, ಮಗಳ ಫೀಸು, ವಿಮೆ ಎಂದು ಇಷ್ಟು ವರ್ಷ ಕಳೆಯುತ್ತಿದ್ದ ವಿನಾಯಿತಿಗಳೆಲ್ಲ ರದ್ದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದಾರೆ, ಅಷ್ಟೇ.

“ಕೊಟ್ಟಿದ್ದು ಯಾವಾಗ? ಕಿತ್ಕೊಳ್ಳೋದು ಕಾಣಿಸ್ತಾ ಇದೆ, ಕೊಟ್ಟಿದ್ದು ನಾನು ನೋಡ್ಲೇ ಇಲ್ವಲ್ಲ” ಎಂದಳು ಟೈಲರಮ್ಮ.

ಮೇಷ್ಟ್ರು ಸಮಾಧಾನವಾಗಿಯೇ ಹೇಳಿದರು. ಕಳೆದ ವರ್ಷ ಪೂರ್ತಿ ಪ್ರತಿ ತಿಂಗಳೂ ಸಂಬಳ ಮೊದಲಿಗಿಂತ ಹೆಚ್ಚು ಬಂದಿದೆ. ನಿಮ್ಮ ರಿಫಂಡು ಎಲ್ಲೂ ಹೋಗಿಲ್ಲ, ಕಂತುಕಂತಾಗಿ ಮನೆಗೇ ಬಂದಿದೆ. ಅದನ್ನು ಯಾರು ಏನು ಮಾಡಿದಿರಿ ಎಂದು ತೆರಿಗೆ ಇಲಾಖೆ ಕೇಳುವುದಿಲ್ಲ.

ಇಲಾಖೆ ಕೇಳದಿದ್ದರೇನು, ಟೈಲರಮ್ಮ ಕತ್ತು ತಿರುಗಿಸಿ ಗಂಡನನ್ನು ನೋಡಿದಳು. ಅವನು ಮೇಷ್ಟ್ರ ಗೋಡೆಯ ಮೇಲಿದ್ದ ಜಗತ್ತಿನ ಭೂಪಟವನ್ನು, ಬಸ್ಸನ್ನು ಅಲ್ಲಿಗೆಲ್ಲ ಓಡಿಸಬೇಕಾಗಿದೆಯೇನೋ ಅನ್ನುವಷ್ಟು ಶ್ರದ್ಧೆಯಿಂದ ನೋಡುತ್ತಿದ್ದ. ಅವಳಿಗೆ ಸಂಬಳವೆಂದು ಅವನು ತಂದುಕೊಡುತ್ತಿದ್ದದ್ದು ಯಾವಾಗಲೂ ಅಷ್ಟೇ ಹಣ. ಒಂದು ಬಿಡಿಗಾಸು ಹೆಚ್ಚಿರಲಿಲ್ಲ.

ಆಗ ಮೇಷ್ಟ್ರು ಏನೋ ನೆನಪಾದವರಂತೆ ತಲೆಯೆತ್ತಿದರು. ಹೊಸ ಕಾಯ್ದೆಯಲ್ಲಿ ಒಂದೇ ಒಂದು ಅನುಕೂಲ ಉಳಿಸಿದ್ದಾರಂತೆ. ಸಂಪಾದನೆಯಿಲ್ಲದ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ಅವರನ್ನು ಅವಲಂಬಿತರೆಂದು ತೋರಿಸಬಹುದು. ಹಾಗೆ ತೋರಿಸಿದರೆ ಕಟ್ಟುವುದೆಲ್ಲ ವಜಾ ಆಗಿ, ಮೇಲೆ ಒಂದಿಷ್ಟು ರಿಫಂಡೂ ಬರುತ್ತದೆ. ಅವರು ಲೆಕ್ಕ ಹಾಕಿ ತೋರಿಸಿದ ಮೊತ್ತ ಮೆಷಿನ್ನಿನ ಬಾಕಿಗೆ ಸಾಕಾಗುತ್ತಿತ್ತು. ಅಕ್ಕ ಒಂದು ಕಾಗದಕ್ಕೆ ರುಜು ಹಾಕಬೇಕು, ಅಷ್ಟೇ: ನನಗೆ ಯಾವ ಸಂಪಾದನೆಯೂ ಇಲ್ಲ, ತಮ್ಮನ ಖರ್ಚಿನಲ್ಲಿ ಬದುಕುತ್ತಿದ್ದೇನೆ ಎಂದು.

ಟೈಲರಮ್ಮ ನಿಟ್ಟುಸಿರು ಬಿಟ್ಟಳು. “ಅದು ಆಗೋ ಮಾತಲ್ಲ ಮೇಷ್ಟ್ರೇ. ಅಕ್ಕ ದುಡೀತಾರೆ. ತಿಂಗಳಾ ತಿಂಗಳಾ ನನ್ನ ಕೈಗೇ ತಂದ್ಕೊಡ್ತಾರೆ.”

ಡ್ರೈವರನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ಇರಲಿ, ಆ ಕಾಗದ ಕೊಡಿ, ಶನಿವಾರದೊಳಗೆ ತಂದುಕೊಡುತ್ತೇವೆ ಎಂದ.

ಬೀದಿಯ ಮೂಲೆ ತಿರುಗುವವರೆಗೂ ಟೈಲರಮ್ಮ ದಾಪುಗಾಲು ಹಾಕಿದಳು. ತಿರುಗಿದ ಮೇಲೆ, ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು. ಯಾರು ಅವಳು ಎಂದು ಕೇಳಿದಳು. ಡ್ರೈವರ್ ಬೆಪ್ಪಾಗಿ ಯಾರು ಎಂದು ತಿರುಗಿ ಕೇಳಿದ. ಆ ದುಡ್ಡು ಯಾರ ಮನೆಗೆ ಸುರಿದು ಬರುತ್ತಿದ್ದೀರಿ, ಅವಳು ಯಾರು ಎಂದು ಬಿಡಿಸಿ ಕೇಳಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಆದ ಮೇಲೆ ನಗು ಬಂತು, ಹೆಂಡತಿಯ ಮುಖ ನೋಡಿ ಆ ನಗು ಅಲ್ಲೇ ಸತ್ತುಹೋಯಿತು.

“ಅಕ್ಕಂಗೆ ಕಣೇ” ಎಂದ. “ಅಕ್ಕಂಗೆ ಒಂದೂವರೆ ವರ್ಷದಿಂದ ಕರಡು ಬರ್ತಾ ಇಲ್ಲ. ಈಗೆಲ್ಲ ಕಂಪ್ಯೂಟರೇ ತಿದ್ದುತ್ತಂತೆ.”

ಒಂದು ದಿನ ದೊಡ್ಡಕ್ಕ ಅವನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದರಂತೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಅವರು ಇಳಿಯಲಿಲ್ಲ. ಇನ್ನು ಈ ಮನೆಯಲ್ಲಿ ಇರೋದಕ್ಕಾಗಲ್ಲ ಕಣೋ, ಯಾವುದೋ ಆಶ್ರಮ ವಿಚಾರಿಸಿದ್ದೇನೆ ಎಂದರಂತೆ. ಅದೇ ತಿಂಗಳು ಅವನ ಸಂಬಳ ಯಾಕೋ ಹೆಚ್ಚು ಬಂದಿತ್ತು. ಸಂಘದವರು ಜಗಳವಾಡಿ ಗೆದ್ದ ಸಂಬಳದ ಏರಿಕೆಯೇ ಇರಬೇಕು ಎಂದುಕೊಂಡ. ಕಾಯ್ದೆ, ಕಟಾವಣೆ, ಅರ್ಜಿ ಒಂದೂ ಅವನ ತಲೆಗೆ ಹೋಗಲಿಲ್ಲ. ಈ ಹೆಚ್ಚಿನ ದುಡ್ಡನ್ನು ನೀನೇ ನನ್ನ ಹೆಂಡತಿಯ ಕೈಗೆ ಕೊಡು, ಕರಡು ಮತ್ತೆ ಬರುವ ತನಕ ಎಂದು ಅಕ್ಕನ ಕೈ ಹಿಡಿದು ಬೇಡಿಕೊಂಡಿದ್ದ. ಅಂದಿನಿಂದ ಅದು ಹಾಗೇ ನಡೆದುಕೊಂಡು ಬಂದಿತ್ತು. ದಿನಾ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಕೆಂಪು ಪೆನ್ನಿನಲ್ಲಿ ಅಕ್ಕ ತಿದ್ದುತ್ತಿದ್ದದ್ದು ಎಂದೋ ಅಚ್ಚಾಗಿ ಹೋದ ಹಳೆಯ ಹಾಳೆಗಳನ್ನು.

ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಕೂಗಾಡಬೇಕು ಅನ್ನುವುದೇ ಗೊತ್ತಾಗಲಿಲ್ಲ. ಸರ್ಕಾರದ ಮೇಲೋ? ಅದು ಕೈಗೆ ಸಿಗುವುದಿಲ್ಲ. ಗಂಡನ ಮೇಲೋ? ಸಿಕ್ಕಿದ್ದಾನೆ, ಆದರೆ ಅಕ್ಕನನ್ನು ಉಳಿಸಿಕೊಂಡದ್ದು ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ತನ್ನ ರಿಫಂಡನ್ನೇ ತಿಂಗಳು ತಿಂಗಳು ಕೈಚಾಚಿ ಇಸಿದುಕೊಂಡು, ಅದಕ್ಕೆ ತಲೆಬಾಗಿ, ಅದರಲ್ಲೇ ಬದನೆಕಾಯಿ ಬೆಂಡೆಕಾಯಿ ಕೊಂಡು ತಾನೇ ಗುಳುಂ ಮಾಡಿದ್ದಾಳೆ. ಅದರ ಮೇಲೆ ದಾರ ಪೋಲು ಮಾಡುತ್ತೀಯ ಎಂದು ಬೈಸಿಕೊಂಡದ್ದು ಬೇರೆ.

“ಈ ಕಾಗದ ಇವತ್ತೇ ಅವರ ಮುಂದೆ ಇಡ್ತೀನಿ” ಎಂದಳು. “ರುಜು ಹಾಕ್ಲಿ. ಸುಳ್ಳೇನಿಲ್ವಲ್ಲ ಅದ್ರಲ್ಲಿ.”

ಇಟ್ಟರೆ ಅಕ್ಕ ರುಜು ಹಾಕುತ್ತಾಳೆ, ಹಾಕಿ ಚೀಲ ಎತ್ತಿಕೊಳ್ಳುತ್ತಾಳೆ ಎಂದ ಡ್ರೈವರ್. ಬೇಡ ಎನ್ನಲಿಲ್ಲ. ನಿನ್ನ ಸರದಿ, ನೀನು ಹೇಳಿದ ಹಾಗೆ ಎಂದ. ಬೇಡ ಎಂದಿದ್ದರೆ ಅವಳಿಗೆ ಜಗಳವಾಡಲಾದರೂ ಒಂದು ದಾರಿ ಇರುತ್ತಿತ್ತು. ಈ ಗಂಡಸಿಗೆ ಅಷ್ಟು ಉಪಕಾರ ಮಾಡುವುದೂ ಗೊತ್ತಿಲ್ಲ ಎಂದು ಬೈದುಕೊಳ್ಳುತ್ತ ದಾರಿಯುದ್ದಕ್ಕೂ ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಮನೆಯೊಳಗೆ ಕಾಲಿಟ್ಟರೆ ಮುಂದಿನ ಕೋಣೆ ಅಸ್ತವ್ಯಸ್ತವಾಗಿತ್ತು. ದೊಡ್ಡಕ್ಕ ಕಿಟಕಿಯ ಪಕ್ಕದ ತಮ್ಮ ಮೇಜನ್ನು ಬೆಳಕಿಲ್ಲದ ಮೂಲೆಗೆ ಎಳೆದು ಹಾಕಿದ್ದರು. ಆ ಜಾಗವನ್ನು ಗುಡಿಸಿ ಒರೆಸಿ ಬರಿದು ಮಾಡಿದ್ದರು. ಹೊಸ ಮೆಷಿನ್ ಇಲ್ಲಿಗೆ ಬರಲಿ, ಅಂಚು ಹಾಕುವವರಿಗೆ ಬೆಳಕು ಬೇಕು, ನನಗೆ ದೀಪ ಹಾಕಿಕೊಂಡರೂ ನಡೆಯುತ್ತದೆ ಎಂದರು. ಮೇಜು ಎಳೆದ ಆಯಾಸಕ್ಕೆ ಉಬ್ಬಸ ಪಡುತ್ತಿದ್ದರು. ಅಷ್ಟು ಭಾರದ್ದನ್ನು ಒಬ್ಬರೇ ಯಾಕೆ ಎಳೆದಿರಿ, ಸೊಂಟ ಹಿಡಿದುಕೊಂಡರೆ ಎಣ್ಣೆ ತಿಕ್ಕುವವರು ಯಾರು ಎಂದು ಟೈಲರಮ್ಮ ಗದರಿದಳು. ಗದರಿದ್ದು ಅದಕ್ಕಲ್ಲ, ಆದರೆ ಬಾಯಿಗೆ ಬಂದದ್ದು ಅದೇ.

ಕಾಗದ ಅವಳ ಬ್ಯಾಗಿನಲ್ಲಿತ್ತು. ಬ್ಯಾಗಿನ ಬಾಯಿ ತೆರೆದೇ ಇತ್ತು.

ದೊಡ್ಡಕ್ಕ ಕುರ್ಚಿಯ ಮೇಲೆ ಕೂತು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವವರು, ಹೊಸ ಕಾಯ್ದೆಯ ವಿಷಯ ಅವರಿಗೆ ಮೇಷ್ಟ್ರಿಗಿಂತ ಮೊದಲೇ ಗೊತ್ತಿತ್ತೋ ಏನೋ. ನೆಲ ನೋಡಿಕೊಂಡೇ ಕೇಳಿದರು:

“ಮೇಷ್ಟ್ರು ನನ್ನ ವಿಷಯ ಏನಾದ್ರೂ ಕೇಳಿದ್ರಾ?”

ಡ್ರೈವರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಇದ್ದವನು ಬಿಡುತ್ತಲೇ ಇದ್ದ. ಟೈಲರಮ್ಮನಿಗೆ ದೊಡ್ಡಕ್ಕನ ಕೈ ಕಾಣಿಸಿತು. ಕನ್ನಡಕದ ಕಡ್ಡಿಯನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ಈ ಹೆಂಗಸು ಹೆದರಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹಾಗೆ ನೋಡಬೇಕು ಎಂದು ಎಷ್ಟೋ ಸಲ ಆಸೆಪಟ್ಟಿದ್ದಳು. ಈಗ ನೋಡಿದರೆ ಒಂದು ಚೂರೂ ಹಿತವೆನ್ನಿಸಲಿಲ್ಲ.

“ಕೇಳಿದ್ರು” ಎಂದಳು. “ಅಕ್ಕ ದುಡೀತಾರೆ, ತಿಂಗಳಾ ತಿಂಗಳಾ ನನ್ನ ಕೈಗೇ ತಂದ್ಕೊಡ್ತಾರೆ ಅಂತ ಹೇಳ್ದೆ.”

ಅದರಲ್ಲೂ ಸುಳ್ಳೇನಿರಲಿಲ್ಲ, ಹೇಳಿದ್ದು ನಿಜವೇ. ದೊಡ್ಡಕ್ಕ ಹೂಂ ಎಂದರು. ಕನ್ನಡಕ ಹಾಕಿಕೊಂಡು ಎದ್ದು, ಮೂಲೆಯ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸತೊಡಗಿದರು. ಟೈಲರಮ್ಮ ಒಳಗೆ ಹೋಗಿ ಟೀಗೆ ನೀರಿಟ್ಟು, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಆ ಸದ್ದಿಗೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು.

ಶನಿವಾರ ಕಾಗದ ರುಜುವಿಲ್ಲದೆಯೇ ಮೇಷ್ಟ್ರ ಮನೆಗೆ ವಾಪಸಾಯಿತು. ಇಂಥ ಅನುಕೂಲವನ್ನು ಯಾರಾದರೂ ಬಿಡುತ್ತಾರೆಯೇ, ಸ್ವಲ್ಪ ಯೋಚನೆ ಮಾಡಿ ಎಂದರು ಮೇಷ್ಟ್ರು. ಯೋಚನೆ ಮಾಡಿ ಮಾಡಿ ತಲೆ ಕೆಟ್ಟಿದೆ, ಕಟ್ಟುವುದು ಎಷ್ಟು ಹೇಳಿ ಎಂದಳು ಟೈಲರಮ್ಮ. ಕಂತಿನಲ್ಲಿ ಕಟ್ಟುವುದೆಂದು ಆಯಿತು. ಮೆಷಿನ್ ಅಂಗಡಿಯವನು ಮುಂಗಡ ವಾಪಸ್ ಕೊಡುವ ಪದ್ಧತಿಯಿಲ್ಲ, ಬೇಕಾದರೆ ಹಾಗೇ ಇರಲಿ, ದುಡ್ಡಾದಾಗ ಬನ್ನಿ ಎಂದ. ಎಲ್ಲರಿಗೂ ಒಂದೊಂದು ಪದ್ಧತಿ. ನರ್ಸಿಂಗ್ ಶಾಲೆಯವರಿಗೆ ಮಾತ್ರ ಅವಳು ಇನ್ನೂ ಮೆಷಿನ್ ಇಲ್ಲ ಎಂದಿರಲಿಲ್ಲ. ಬಟ್ಟೆಯ ಥಾನುಗಳು ಬಂದು ಆ ಬರಿದಾದ ಕಿಟಕಿಯ ಜಾಗದಲ್ಲಿ ಕೂತವು.

ಡ್ರೈವರ್ ಈ ಸಲ ಬುದ್ಧಿ ಕಲಿತವನಂತೆ ಮೊದಲು ಮಾಡಿದ ಕೆಲಸವೆಂದರೆ ಡಿಪೋಗೆ ಹೋಗಿ ಹೊಸ ಅರ್ಜಿ ಕೊಟ್ಟದ್ದು. ಬರುವ ವರ್ಷ ಈ ಗೋಳು ಬೇಡ, ಜಾಸ್ತಿಯೇ ಮುರಿದುಕೊಳ್ಳಿ ಎಂದು. ಅವರು ಮುರಿದುಕೊಂಡರು. ತಿಂಗಳು ಹುಟ್ಟುವ ಹಿಂದಿನ ದಿನ ಅವನು ಅಡುಗೆಮನೆಗೆ ಬಂದು, ಒಲೆಯ ಪಕ್ಕ ನಿಂತು ಕತ್ತಿನ ಹಿಂಭಾಗ ಕೆರೆದುಕೊಂಡ. ಟೈಲರಮ್ಮ ತಿರುಗಿಯೂ ನೋಡಲಿಲ್ಲ.

“ಅಲ್ವೇ” ಎಂದ. “ಈಗ ಆ ಹೆಚ್ಚಿನ ದುಡ್ಡು ಬರಲ್ವಲ್ಲ. ಇವತ್ತು ಅಕ್ಕಂಗೆ ಏನು ಕೊಡ್ಲಿ?”

ಅವಳು ಸೌಟು ಹಿಡಿದುಕೊಂಡೇ ನಿಂತಳು. ಇವನನ್ನು ಕಟ್ಟಿಕೊಂಡ ದಿನವನ್ನು, ಕಾಯ್ದೆ ಮಾಡಿದವರನ್ನು, ಕರಡು ತಿದ್ದುವ ಕಂಪ್ಯೂಟರನ್ನು ಮನಸಾರೆ ಶಪಿಸಿದಳು. ಆಮೇಲೆ ಸೌಟು ಕೆಳಗಿಟ್ಟು, ಹೊಲಿಗೆಯ ದುಡ್ಡು ಹಾಕಿಡುತ್ತಿದ್ದ ಡಬ್ಬಿ ಇಳಿಸಿದಳು. ಗಿರಾಕಿಗಳು ಕೊಟ್ಟ ಚಿಲ್ಲರೆ ನೋಟುಗಳು, ಒಂದೂ ನೆಟ್ಟಗಿರಲಿಲ್ಲ. ಅವುಗಳನ್ನು ಸೇರಿಸಿ ಗಂಡನ ಕೈಗೆ ತುರುಕಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಒಂದು ಮಾತಾಡಿದರೆ ಸೌಟು ತಲೆ ಮೇಲೆ ಬೀಳುತ್ತದೆ ಎಂದಳು.

ಮರುದಿನ ಸಂಜೆ ಅವಳು ಯೂನಿಫಾರಂ ಕತ್ತರಿಸುತ್ತ ಕೂತಿದ್ದಾಗ ದೊಡ್ಡಕ್ಕ ಬಂದರು. ತನ್ನದೇ ದುಡ್ಡು ತನ್ನ ಕೈಗೆ ಬರುವುದನ್ನು ಮುಖದಲ್ಲೇನೂ ತೋರಿಸದೆ ತೆಗೆದುಕೊಳ್ಳಬೇಕಲ್ಲ, ಜೊತೆಗೆ ಈ ತಿಂಗಳ ಉಪದೇಶವನ್ನೂ ಕೇಳಬೇಕಲ್ಲ ಎಂದು ಅವಳು ಹಲ್ಲು ಕಚ್ಚಿಕೊಂಡು ಕೈ ಚಾಚಿದಳು.

ದೊಡ್ಡಕ್ಕ ನೋಟುಗಳನ್ನು ಕೊಡಲಿಲ್ಲ. ಒಂದೊಂದಾಗಿ ಕತ್ತರಿಸುವ ಹಲಗೆಯ ಮೇಲೆ ಹರಡಿದರು. ಇಷ್ಟು ದಿನ ಡ್ರೈವರ್ ಅವರಿಗೆ ತಂದುಕೊಡುತ್ತಿದ್ದದ್ದು ಬ್ಯಾಂಕಿನಿಂದ ಬಂದ ಗರಿಗರಿ ನೋಟು. ಇವು ಮುದುರಿದವು, ಒಂದೆರಡರ ಮೇಲೆ ಟೈಲರುಗಳು ಗುರುತು ಹಾಕುವ ನೀಲಿ ಚಾಕಿನ ಪುಡಿ ಮೆತ್ತಿಕೊಂಡಿತ್ತು. ದೊಡ್ಡಕ್ಕ ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ, ಬೆರಳನ್ನು ಅವಳಿಗೆ ತೋರಿಸಿದರು.

“ಇದು ನಿಂದು. ತಗೊಂಡು ಡಬ್ಬೀಲಿ ಇಟ್ಕೋ” ಎಂದರು. ನೋಟುಗಳನ್ನು ಅವಳ ಕಡೆ ಸರಿಸಿದರು. “ನಿನ್ನೆ ಈ ನೋಟು ನೋಡಿದಾಗ್ಲೇ ನಿನಗೆ ಗೊತ್ತಾಗಿದೆ ಅಂತ ನನಗೂ ಗೊತ್ತಾಯ್ತು. ರಾತ್ರಿಯೆಲ್ಲ ಚೀಲ ತುಂಬ್ಕೊಂಡು ಕೂತಿದ್ದೆ.”

ಟೈಲರಮ್ಮನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಅವಳಿಗೆ ಅಳು ಬಂತು, ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ಚೀಲದ ಸುದ್ದಿ ಎತ್ತಿದರೆ ಸರಿ ಇರಲ್ಲ, ನಾನು ಮೆಷಿನ್ ಬಿಟ್ಟದ್ದು ನೀವು ಚೀಲ ಹೊತ್ತುಕೊಂಡು ಹೋಗಲಿ ಎಂದಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದಳು. ಇಷ್ಟು ವರ್ಷದಲ್ಲಿ ದೊಡ್ಡಕ್ಕನನ್ನು ಎದುರಿಗೆ ಬೈದದ್ದು ಅದೇ ಮೊದಲು. ದೊಡ್ಡಕ್ಕ ಪೂರ್ತಿ ಬೈಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ.

ಬೈಗುಳ ಮುಗಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಹಲಗೆಯ ಆಚೆ ಕೂತರು. ಕತ್ತರಿಸಿಟ್ಟಿದ್ದ ಒಂದು ತೋಳನ್ನು ಎತ್ತಿ, ದಾರ ಬಿಚ್ಚುತ್ತಿದ್ದ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಸೂಜಿ ಎಲ್ಲಿದೆ ಎಂದು ಕೇಳಿದರು. ಮೆಷಿನ್ ಬರುವ ತನಕ ಅಂಚು ನಾನು ಕೈಯಲ್ಲೇ ಕಟ್ಟುತ್ತೇನೆ, ಗುಂಡಿಯ ಕಾಜಾನೂ ನಾನೇ ಹಾಕುತ್ತೇನೆ, ಹಾಳೆಯಲ್ಲಿ ಒಂದು ಚುಕ್ಕಿ ಬಿಟ್ಟುಹೋಗಲು ಬಿಡದ ಕಣ್ಣು ಇದು ಎಂದರು. ಬಿಟ್ಟಿ ಅಲ್ಲ, ಕೂಲಿಗೆ.

“ಒಂದು ಅಂಗಿಗೆ ಎಷ್ಟು ಕೊಡ್ತೀಯ, ಮೊದಲು ಅದು ಹೇಳು.”

ಟೈಲರಮ್ಮ ಕಣ್ಣೊರೆಸಿಕೊಂಡು ಒಂದು ದರ ಹೇಳಿದಳು. ದೊಡ್ಡಕ್ಕ ತೋಳನ್ನು ಹಲಗೆಯ ಮೇಲೆ ವಾಪಸ್ ಇಟ್ಟರು. ಅಷ್ಟಕ್ಕೆ ಎರಡು ಬೀದಿ ಆಚೆಯವನೂ ಮಾಡುವುದಿಲ್ಲ ಎಂದರು. ಅವನದು ಮೆಷಿನ್, ನಿಮ್ಮದು ಕೈ, ನಿಧಾನ ಎಂದಳು ಇವಳು. ಕೈಕೆಲಸ ಅಂದರೆ ದರ ಜಾಸ್ತಿಯಾಗಬೇಕೋ ಕಮ್ಮಿಯಾಗಬೇಕೋ ಎಂದರು ಅವರು. ಟೈಲರಮ್ಮ ಇನ್ನೊಂದಿಷ್ಟು ಏರಿಸಿದಳು, ಇದಕ್ಕಿಂತ ಮೇಲೆ ಒಂದು ಕಾಸೂ ಇಲ್ಲ, ನಾನೇನು ದುಡ್ಡಿನ ಗಿಡ ನೆಟ್ಟಿಲ್ಲ ಎಂದಳು. ದೊಡ್ಡಕ್ಕ ಸೂಜಿಗೆ ದಾರ ಪೋಣಿಸುತ್ತ, ಮೊದಲು ಕಸದಲ್ಲಿರುವ ಆ ದಾರವನ್ನೆಲ್ಲ ಎತ್ತಿಕೊಡು, ಇದಕ್ಕೆ ಅದೇ ಸಾಕು ಎಂದರು.